ಹಸಿಗೋಡೆಯ ಅಕ್ಕೋರು

ನಮ್ಮ ಮನೆಗೆ ಬಣ್ಣ ಹೊಡೆದು ಮುಗಿದಿದೆ. ಬಣ್ಣದವರು ಏಣಿ, ಡಬ್ಬ ಎತ್ತಿಕೊಂಡು ಹೋಗಿ ವಾರವಾಯಿತು. ಗೋಡೆಯ ಮೇಲಿದ್ದ ಫೋಟೋಗಳು ಮಾತ್ರ ಇನ್ನೂ ಒಳಕೋಣೆಯ ಮಂಚದ ಮೇಲೆ ಮಲಗಿಕೊಂಡಿವೆ. ಮಾವನವರು, ಅತ್ತೆಯವರು, ನಮ್ಮ ಮದುವೆಯ ಗುಂಪು, ಎಲ್ಲರೂ ಒಬ್ಬರ ಮೇಲೊಬ್ಬರು. ನನ್ನ ಗಂಡ ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು, "ಇವತ್ತು ಮೊಳೆ ಹೊಡೀಲಾ?" ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಕಾರವಾರದಲ್ಲಿ ಚೌತಿಗೆ ಮುಂಚೆ ಬಣ್ಣ ಕಂಡ ಯಾವ ಗೋಡೆಯೂ ಒಂದು ವಾರದಲ್ಲಿ ಒಣಗುವುದಿಲ್ಲ. ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಒಳಗೆ ಚಿರೇಕಲ್ಲು ಮಳೆಗಾಲದ ನೀರನ್ನೆಲ್ಲ ಕುಡಿದು ಕೂತಿರುತ್ತದೆ. ಇದನ್ನು ನನಗೆ ಕಲಿಸಿದವರು ನಮ್ಮ ಪಕ್ಕದ ಮನೆಯ ಅಕ್ಕೋರು. ಹೋದ ವರ್ಷ ಬೇಸಿಗೆಯಲ್ಲಿ ತೀರಿಕೊಂಡರು.

ಅಕ್ಕೋರು ಅಂತಲೇ ಬರೆಯುತ್ತೇನೆ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಊರೆಲ್ಲ ಕರೆಯುವುದೇ ಹಾಗೆ. ಹೆಸರು ಹಾಕಿ ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಕಿನ್ನರವೆಂಬ ಹಳ್ಳಿಯ ಶಾಲೆಯಲ್ಲಿ ಅವರ ನಿವೃತ್ತಿಯ ದಿನ ಯಾರೋ ಹಿರಿಯರು ಎದ್ದು ನಿಂತು ಅವರನ್ನು ಹೊಗಳಲು ಶುರುಮಾಡಿದರಂತೆ. ಇವರು ನಡುವೆಯೇ ಎದ್ದು, "ಮಕ್ಕಳಿಗೆ ಹಸಿವಾಗಿದೆ, ಎಲೆ ಹಾಕುವಾ" ಅಂದುಬಿಟ್ಟರಂತೆ. ಹೊಗಳಿಸಿಕೊಳ್ಳಲು ಅವರಿಗೆ ಬರುತ್ತಲೇ ಇರಲಿಲ್ಲ. ಬೈಸಿಕೊಳ್ಳಲು ಮಾತ್ರ ಚೆನ್ನಾಗಿ ಬರುತ್ತಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಎತ್ತರದ ಹೆಂಗಸು. ಮೈಯಲ್ಲಿ ಮಾಂಸ ಕಡಿಮೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆಂದರೆ ಏನೋ ಕೆಲಸ ಹುಡುಕಿದ್ದಾರೆ ಅಂತ ಅರ್ಥ. ಕೋಡಿಬಾಗದ ನಮ್ಮ ಕೇರಿಯಲ್ಲಿ ಯಾರ ಮನೆಗೆ ಬಣ್ಣ ಹೊಡೆದರೂ ಅಕ್ಕೋರು ಕರೆಯದೆಯೇ ಬರುತ್ತಿದ್ದರು. ಬಂದು ಗೋಡೆಗೆ ಕೆನ್ನೆ ಕೊಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. "ಕೈ ಇಲ್ಲವಾ ಅಕ್ಕೋರೇ?" ಅಂತ ಕೇಳಿದ್ದೆ.

"ಕೈ ಸುಳ್ಳು ಹೇಳ್ತದೆ ತಂಗೀ. ಪಾತ್ರೆ ತಿಕ್ಕಿ ತಿಕ್ಕಿ ಅದಕ್ಕೆ ತಂಪು ಬಿಸಿ ಗೊತ್ತಾಗೂದಿಲ್ಲ. ಕೆನ್ನೆಗೆ ಗೊತ್ತಾಗ್ತದೆ."

ಆಮೇಲೆ ಅಪ್ಪಣೆ ಬರುತ್ತಿತ್ತು. ಇನ್ನೂ ಹಸಿ, ದಸರೆವರೆಗೆ ಏನೂ ತೂಗು ಹಾಕ್ಬೇಡಿ. ದೇವರ ಪಟವನ್ನು ಮಣೆಯ ಮೇಲಿಡಿ, ಹಿರಿಯರನ್ನು ಕಪಾಟಿನ ಮೇಲೆ ಕೂರಿಸಿ, ಗೋಡೆಗೆ ತಾಗಿಸಬೇಡಿ. ಚೌತಿಗೆ ನಾಲ್ಕು ಜನ ನೆಂಟರು ಬರುವ ಹೊತ್ತಿಗೆ ಗೋಡೆ ಬೋಳಾಗಿ ಕಾಣುತ್ತದಲ್ಲ ಅಂತ ನಾವೆಲ್ಲ ಗೊಣಗುತ್ತಿದ್ದೆವು. ಗಣಪತಿಯ ಮೇಲೆ ಮಾಟೋಳಿ ಕಟ್ಟಿ ಹಣ್ಣು ಕಾಯಿಗಳನ್ನೆಲ್ಲ ತೂಗಿಬಿಟ್ಟರೆ ಯಾರು ಗೋಡೆ ನೋಡ್ತಾರೆ ಅನ್ನುತ್ತಿದ್ದರು ಅವರು. ದಸರೆ ಕಳೆದ ಮೇಲೆ ಮತ್ತೆ ಬಂದು ಕೆನ್ನೆ ಕೊಟ್ಟು ನೋಡಿ, ಹೂಂ ಅಂದರೆ ಮೊಳೆ. ಅದಕ್ಕೂ ಒಂದು ಕಟ್ಟಳೆ ಇತ್ತು. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಚೂರು ಬೆಂಡು ಅಂಟಿಸಬೇಕು, ಫೋಟೋಗೂ ಗೋಡೆಗೂ ನಡುವೆ ಗಾಳಿ ಆಡಬೇಕು. ಮೀನಿನ ಬಲೆಗೆ ಕಟ್ಟುವ ಬೆಂಡು ಕಡಲ ದಂಡೆಯಲ್ಲಿ ಬಿದ್ದಿರುತ್ತದಲ್ಲ, ಅದನ್ನು ಆರಿಸಿ ತಂದು ಈಳಿಗೆಯಲ್ಲಿ ಬಿಲ್ಲೆ ಮಾಡಿ ಡಬ್ಬಿಯಲ್ಲಿ ತುಂಬಿಟ್ಟುಕೊಂಡಿದ್ದರು. ಇಷ್ಟು ಕಷ್ಟ ಯಾಕೆ, ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಅಂಟಿಸಿದರಾಯಿತು ಅಂತ ನಾನು ಜಾಣತನ ತೋರಿಸಿದೆ. ಅಕ್ಕೋರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ನಿನ್ನ ಮಾವನ ಬೆನ್ನಿಗೆ ಚಪ್ಪಲಿ ಇಡ್ತಿಯಾ?" ಅಂದರು. ಮಾವನವರ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆದರೂ ಬೆಂಡನ್ನೇ ಅಂಟಿಸಿದೆ.

ಇಷ್ಟೆಲ್ಲ ಯಾಕೆ ಅಂತ ಹೇಳಬೇಕಾದರೆ ಅವರು ಆ ಮನೆಗೆ ಬಂದ ವರ್ಷಕ್ಕೆ ಹೋಗಬೇಕು. ನಾನೂ ಅದೇ ವರ್ಷ ಈ ಕೇರಿಗೆ ಸೊಸೆಯಾಗಿ ಬಂದವಳು. ನಾನು ಮೆರವಣಿಗೆಯಲ್ಲಿ ಬಂದೆ. ಅವರು ಶ್ರಾವಣದ ಮಳೆಯಲ್ಲಿ, ದೇವಸ್ಥಾನದಲ್ಲಿ ಮಾಲೆ ಹಾಕಿಕೊಂಡು, ಒಂದು ರಿಕ್ಷಾದಲ್ಲಿ ಬಂದರು. ಅಂಕೋಲೆಯವರು. ಮೂವತ್ತು ದಾಟಿತ್ತು. ಗಂಡ ಬಂದರಿನಲ್ಲಿ ಗುಮಾಸ್ತರು. ಮೊದಲ ಹೆಂಡತಿ ಜ್ವರದಲ್ಲಿ ತೀರಿಹೋಗಿ, ಮೂರನೇ ಇಯತ್ತೆಯಲ್ಲಿ ಓದುವ ಒಬ್ಬಳು ಮಗಳಿದ್ದಳು. ಆಗ ಅಕ್ಕೋರಿಗೆ ಇನ್ನೂ ಕಿನ್ನರಕ್ಕೆ ವರ್ಗವಾಗಿರಲಿಲ್ಲ, ನಮ್ಮ ಕೋಡಿಬಾಗದ ಶಾಲೆಯಲ್ಲೇ ಇದ್ದರು. ಆ ಹುಡುಗಿ ಅವರದೇ ತರಗತಿಯಲ್ಲಿದ್ದಳು. ನಿನ್ನೆಯವರೆಗೆ ಹಲಗೆಯ ಮುಂದೆ ನಿಂತು ಮಗ್ಗಿ ಹೇಳಿಸುತ್ತಿದ್ದವರು ಇವತ್ತು ಮನೆಯ ಒಲೆಯ ಮುಂದೆ. ಹುಡುಗಿ ಏನಂತ ಕರೆಯಬೇಕು? ಅಕ್ಕೋರೇ ಅಂತಲೇ ಕರೆದಳು.

ಮದುವೆಗೂ ಬರಲಿರುವ ಚೌತಿಗೂ ಸೇರಿ ಆ ಮನೆಗೆ ಬಣ್ಣ ಹೊಡೆಸಿದ್ದರು. ಹೊಡೆಸಿದವರು ಗುಮಾಸ್ತರ ಅಕ್ಕ, ಆ ಹುಡುಗಿಯ ಅತ್ತೆ. ಇವರನ್ನು ನಾವೆಲ್ಲ ಅತ್ತೆ ಅಂತಲೇ ಕರೆಯುವುದು. ಬಣ್ಣ ಹೊಡೆಯುವಾಗ ಇಳಿಸಿದ ಫೋಟೋಗಳಲ್ಲಿ ಒಂದನ್ನು ಅತ್ತೆ ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದರು. ಮೊದಲ ಹೆಂಡತಿಯದು. ಹೊಸಬಳ ಕಣ್ಣಿಗೆ ಯಾಕೆ ಅಂತ ಅವರ ಲೆಕ್ಕ. ಆ ಫೋಟೋ ಬಿಟ್ಟರೆ ಆ ಹೆಂಗಸಿನ ಬೇರೆ ಫೋಟೋ ಆ ಮನೆಯಲ್ಲಿ ಇರಲಿಲ್ಲ.

ಅಕ್ಕೋರು ಬಂದ ಮೂರನೇ ದಿನವೋ ನಾಲ್ಕನೇ ದಿನವೋ, ಅಟ್ಟ ಹತ್ತಿ ಫೋಟೋ ಇಳಿಸಿ, ತಾವೇ ಮೊಳೆ ಹೊಡೆದು ಜಗಲಿಯ ಗೋಡೆಗೆ ತೂಗು ಹಾಕಿದರು. ಕೇರಿಯೆಲ್ಲ ಮೆಚ್ಚಿತು. ಅತ್ತೆ ಒಬ್ಬರನ್ನು ಬಿಟ್ಟು.

ಚೌತಿ ಕಳೆಯಿತು, ನವರಾತ್ರಿ ಬಂತು. ಗಾಜಿನ ಹಿಂದೆ ಕೆಳಗಿನ ಮೂಲೆಯಿಂದ ಬಿಳಿ ಬೂಷ್ಟು ಏರತೊಡಗಿತ್ತು. ಇಳಿಸಿ ನೋಡಿದರೆ ಫೋಟೋ ಪೂರ್ತಿ ಗಾಜಿಗೆ ಅಂಟಿಕೊಂಡಿದೆ. ಹಸಿಗೋಡೆಯ ನೀರನ್ನು ಹಿಂದಿನ ರಟ್ಟು ಹೀರಿತ್ತು, ರಟ್ಟಿನಿಂದ ಫೋಟೋಗೆ ಇಳಿದಿತ್ತು. ಪೇಟೆಯ ಸ್ಟುಡಿಯೋದವನು ಬಿಡಿಸಲು ಹೋಗಿ ಕೈಬಿಟ್ಟ. ಒಂದು ಕಣ್ಣು, ಹಣೆಯ ಅರ್ಧ ಕುಂಕುಮ, ಭುಜದ ಮೇಲಿನ ಸೀರೆಯ ಅಂಚು, ಇಷ್ಟು ಉಳಿದಿತ್ತು. ಮಿಕ್ಕಿದ ಮುಖವೆಲ್ಲ ಬಿಳಿ.

ಅತ್ತೆ ಮನೆಮನೆಗೆ ಹೋಗಿ ಹೇಳಿದರು. ಹಸಿಗೋಡೆಗೆ ಫೋಟೋ ಹಾಕಬಾರದು ಅಂತ ಈ ಕಡಲ ಕರೆಯಲ್ಲಿ ಹುಟ್ಟಿದ ಯಾವ ಹೆಂಗಸಿಗೆ ಗೊತ್ತಿಲ್ಲ? ಗೊತ್ತಿದ್ದೇ ಹಾಕಿದ್ದಾಳೆ. ತಾನು ಒಳ್ಳೆಯವಳು ಅಂತ ತೋರಿಸಿದ ಹಾಗೂ ಆಯಿತು, ಸವತಿಯ ಮುಖ ಅಳಿಸಿದ ಹಾಗೂ ಆಯಿತು. ಈ ಮಾತು ಎಂಥ ಹುಳಿಯೆಂದರೆ, ಒಮ್ಮೆ ಕೇಳಿದ ಮೇಲೆ ಒಳ್ಳೆಯ ಮನಸ್ಸಿನವರಲ್ಲೂ ಸ್ವಲ್ಪ ಉಳಿದೇ ಉಳಿಯುತ್ತದೆ. ನಾನೂ ಹೊಸಬಳು, ಹೌದೋ ಅಲ್ಲವೋ ಅಂತ ಅನ್ನಿಸಿತ್ತು.

ಅಕ್ಕೋರು ಒಂದು ಮಾತೂ ಎದುರಾಡಲಿಲ್ಲ. ಅವರಿಗೆ ಬೇಕಾಗಿದ್ದದ್ದು ಕೇರಿಯ ಒಪ್ಪಿಗೆಯಲ್ಲ, ಆ ಹುಡುಗಿ ತನ್ನನ್ನು ನಂಬುವುದು ಒಂದೇ. ಅದು ಕೈತಪ್ಪಿ ಹೋಗಿತ್ತು.

ಅದನ್ನು ಮರಳಿ ಪಡೆಯಲು ಅವರು ಪಟ್ಟ ಪಾಡು ನಾನು ಬೇಲಿಯ ಈಚೆಯಿಂದ ನೋಡಿದ್ದೇನೆ. ಆ ಮನೆಯಲ್ಲಿ ಕೊಂಕಣಿ ಮಾತು. ಅಕ್ಕೋರದು ಅಂಕೋಲೆಯ ಕನ್ನಡ. ಹುಡುಗಿ ಅಪ್ಪನ ಹತ್ತಿರ ಕೊಂಕಣಿ ಆಡುತ್ತಿದ್ದಳು, ಅಕ್ಕೋರ ಹತ್ತಿರ ಶಾಲೆಯ ಕನ್ನಡ. "ಅಕ್ಕೋರೇ, ನಾನು ನೀರು ಕುಡಿಯಲು ಹೋಗಲೇ?" ಎಂಬ ಧಾಟಿ, ಸ್ವಂತ ಮನೆಯ ಅಡುಗೆಮನೆಯಲ್ಲಿ. ಅಕ್ಕೋರು ಹಟ ಹಿಡಿದು ಕೊಂಕಣಿ ಕಲಿತರು. ಗಂಡು ಹೆಣ್ಣು ಅದಲುಬದಲು ಮಾಡಿ ಮೀನು ಮಾರುವವಳನ್ನು ನಗಿಸಿದರು. ಎರಡು ವರ್ಷದಲ್ಲಿ ಸರಾಗವಾಗಿ ಆಡುತ್ತಿದ್ದರು. ಅವರು ಕೊಂಕಣಿಯಲ್ಲಿ ಕೇಳಿದರೂ ಹುಡುಗಿಯ ಉತ್ತರ ಕನ್ನಡದಲ್ಲೇ.

ಒಂದು ಬೇಸಿಗೆಯ ರಜೆಯಲ್ಲಿ ಅಕ್ಕೋರು ಆ ತೀರಿಹೋದ ಹೆಂಗಸಿನ ತವರಿಗೆ, ಅವಳ ಚಿಕ್ಕಮ್ಮಂದಿರ ಮನೆಗಳಿಗೆ ಬಸ್ಸು ಹಿಡಿದು ಅಲೆದರು. ಸವತಿ ಬಂದಿದ್ದಾಳೆ ಅಂತ ಕೆಲವರು ಬಾಗಿಲಿನಿಂದಲೇ ಕಳಿಸಿದರಂತೆ. ಕೊನೆಗೆ ಯಾರದೋ ಮದುವೆಯ ಗುಂಪಿನ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ಆಕೆ ಸಿಕ್ಕಳು. ಅದನ್ನು ಬೇಡಿ ತಂದು, ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಒಳ್ಳೆಯ ಚೌಕಟ್ಟು ಹಾಕಿಸಿದರು. ರಜೆ ಮುಗಿದ ಮೇಲೆ ಒಂದು ಸಂಜೆ ಹುಡುಗಿ ಶಾಲೆಯಿಂದ ಬಂದಳು, ಚೀಲ ಇಳಿಸದೆ ನೋಡಿದಳು. "ಇದು ನನ್ನ ಆಯಿ ಅಲ್ಲ" ಅಂದಳು. ಅಮ್ಮನ ನೆನಪು ಅವಳಿಗಿದ್ದದ್ದೇ ಅಷ್ಟು, ಆ ಹಳೇ ಫೋಟೋದ ಮುಖ. ಅದನ್ನೇ ಹಾಕಿ ಅಂದಳು. ಹಾಗೆ ಆ ಬಿಳಿ ಬಿದ್ದ ಫೋಟೋ ಮತ್ತೆ ಗೋಡೆ ಏರಿತು, ಗಂಧದ ಮಾಲೆಯ ಸಮೇತ.

ಮನೆಗೆ ಬಂದ ಪ್ರತಿಯೊಬ್ಬರ ಕಣ್ಣೂ ಅಲ್ಲಿಗೇ ಹೋಗುತ್ತಿತ್ತು. ಇದೇನು ಹೀಗೆ ಅಂತ ಕೇಳುತ್ತಿದ್ದರು. ಅಕ್ಕೋರು ಚಹಾ ಕೊಡುತ್ತಲೇ ಹೇಳುತ್ತಿದ್ದರು. "ಹಸಿಗೋಡೆಗೆ ತೂಗು ಹಾಕಿದೆ. ನನ್ನ ಕೈಯಿಂದ್ಲೇ ಹಾಳಾದ್ದು." ಹೊಸ ಪೋಸ್ಟ್‌ಮ್ಯಾನಿಗೂ ಇದೇ ಉತ್ತರ, ಹುಡುಗಿಯನ್ನು ನೋಡಲು ಬಂದ ಬೀಗರಿಗೂ ಇದೇ. ಒಂದು ಸಲ ನಾನು ರೇಗಿದೆ. "ಎಂತಕ್ಕೆ ಅಕ್ಕೋರೇ, ಮಳೆಗೆ ಹಾಳಾಯ್ತು ಅಂದ್ರೆ ಸಾಕಲ್ಲ. ಬಂದವರಿಗೆಲ್ಲ ತಪ್ಪೊಪ್ಪಿಗೆ ಕೊಡೂಕೆ ಇದೇನು ಪೊಲೀಸ್ ಠಾಣೆಯಾ?" ಹುಡುಗಿ ಅಲ್ಲೇ ಬಾಗಿಲ ಹತ್ತಿರ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಅಕ್ಕೋರು ಅವಳ ಕಡೆ ಒಮ್ಮೆ ನೋಡಿ, "ಮಳೆ ಮೊಳೆ ಹೊಡೀತದಾ ತಂಗೀ?" ಅಂದರು.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಅವಳಿಗೆ ಸೀತಾಳೆ ಸಿಡುಬು ಬಂದಾಗ ರಜೆ ಹಾಕಿ ಪಕ್ಕದಲ್ಲಿ ಕೂತವರು ಅಕ್ಕೋರು, ಕಾಲೇಜಿನ ಹುಡುಗರು ಹಿಂದೆ ಬಿದ್ದಾಗ ಕೊಡೆ ಹಿಡಿದು ಜೊತೆಗೆ ನಡೆದವರು ಅಕ್ಕೋರು. ಮದುವೆಯ ದಿನ ಅವಳು ಆ ಬಿಳಿ ಫೋಟೋದ ಮುಂದೆ ಬಗ್ಗಿ ನಮಸ್ಕಾರ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕೋರಿಗೂ ನಮಸ್ಕಾರ ಮಾಡಿದಳು, ಶಿಕ್ಷಕರ ದಿನಾಚರಣೆಯಲ್ಲಿ ಮಾಡುತ್ತಾರಲ್ಲ, ಹಾಗೆ. ನಾನು ಆ ರಾತ್ರಿಯ ಊಟದ ಗಲಾಟೆಯಲ್ಲಿ ಅಕ್ಕೋರನ್ನು ಮೂಲೆಗೆ ಕರೆದು, "ಕಲ್ಲುಮನಸ್ಸಿನ ಹುಡುಗಿ ನಿಮ್ಮದು" ಅಂದೆ.

"ಹಾಗೆ ಹೇಳ್ಬೇಡ. ಅವಳ ತಾಯಿ ಮುಖವೇ ಹೋಗಿದೆ ತಂಗೀ. ನನ್ನದೆಂತ ಹೋಗಿದೆ?"

ಸೆರಗು ಸಿಕ್ಕಿಸಿಕೊಂಡು ಬಡಿಸಲು ಹೋದರು. 

ಗುಮಾಸ್ತರು ತೀರಿಕೊಂಡಾಗ ಅವರ ಫೋಟೋವನ್ನು ಅಕ್ಕೋರು ಮೊದಲ ಹೆಂಡತಿಯ ಫೋಟೋದ ಬಲಕ್ಕೆ ತೂಗು ಹಾಕಿಸಿದರು. ಗಂಡ ಹೆಂಡತಿ ಜೋಡಿಯಾಗಿ, ನಡುವೆ ಒಂದು ಗೇಣೂ ಬಿಡದೆ. ಅವತ್ತು ಕುರ್ಚಿ ಹಿಡಿದುಕೊಂಡವಳು ನಾನು. "ನಿಮಗೆ ಜಾಗ ಎಲ್ಲಿ ಬಿಟ್ರಿ?" ಅಂತ ಕೇಳಿದೆ. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ. "ಮಗಳು ಎಲ್ಲಿ ಹಾಕ್ತಾಳೋ ಅಲ್ಲಿ" ಅಂದರು. ಮೊದಲ ಸಲ ಅವರ ಧ್ವನಿ ಸ್ವಲ್ಪ ಅಲುಗಿದ್ದು ಕೇಳಿದೆ. ಅವರಿಗೆ ಅದರ ಚಿಂತೆ ಇತ್ತು ಅಂತ ಆಗ ಗೊತ್ತಾಯಿತು. ಆ ಗೋಡೆಯಲ್ಲಿ ತನಗೊಂದು ಮೊಳೆ ಸಿಗುತ್ತದೋ ಇಲ್ಲವೋ ಎಂಬ ಚಿಂತೆ.

ಹೋದ ವರ್ಷ ವೈಶಾಖದಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದಾಗ ಆ ಮಗಳು ಶಿರವಾಡದ ತನ್ನ ಮನೆಯಿಂದ ಬಂದು ಹಾಸಿಗೆಯ ಪಕ್ಕ ಕೂತಳು, ಕೊನೆಯವರೆಗೂ ಏಳಲಿಲ್ಲ. ಕರ್ತವ್ಯದಲ್ಲಿ ಅವಳು ಯಾವತ್ತೂ ಕಡಿಮೆಯವಳಲ್ಲ. ಬೆಂಕಿ ಕೊಟ್ಟವಳೂ ಅವಳೇ.

ಈ ವರ್ಷ ವರ್ಷಾಂತದ ಕಾರ್ಯಕ್ಕೆ ಮುಂಚೆ ಅವಳು ಆ ಮನೆಗೆ ಬಣ್ಣ ಹೊಡೆಸಿದಳು. ಕಡುಬೇಸಿಗೆಯಲ್ಲಿ ಹೊಡೆಸಿದ್ದಳು, ಗೋಡೆ ಕಾದು ಒಣಗಿ ಗರಿಗರಿಯಾಗಿತ್ತು. ಕಾರ್ಯ ಮುಗಿದ ಮರುದಿನ ನನ್ನನ್ನು ಕರೆದಳು. "ಫೋಟೋ ಹಾಕೂದಿದೆ, ಸ್ವಲ್ಪ ಬರ್ತೀರಾ?" ಅಂತ. ಹೋದೆ. ಅತ್ತೆ ಕಾರ್ಯಕ್ಕೆ ಬಂದವರು ಇನ್ನೂ ಅಲ್ಲೇ ಇದ್ದರು, ಊರುಗೋಲು ಮಡಿಲಲ್ಲಿ ಇಟ್ಟುಕೊಂಡು ಜಗಲಿಯ ಕುರ್ಚಿಯಲ್ಲಿ. ಎಂಬತ್ತು ದಾಟಿದೆ, ಕಣ್ಣು ಮಂಜು, ನಾಲಿಗೆ ಮಾತ್ರ ಹಾಗೇ ಇದೆ.

ಮಗಳು ಸ್ಟೂಲು ಹತ್ತಿ ಮೊದಲು ತಾಯಿಯದನ್ನು ಹಾಕಿದಳು, ಆಮೇಲೆ ಅಪ್ಪನದನ್ನು. ನಾನು ಕೆಳಗಿನಿಂದ ಅಕ್ಕೋರ ಫೋಟೋ ಎತ್ತಿ ಕೊಟ್ಟೆ. ಅವಳು ಅದನ್ನು ತಾಯಿಯ ಎಡಕ್ಕೆ ಹಿಡಿದು ಅಳತೆ ನೋಡಿದಳು.

"ಅಲ್ಲಿ ಬೇಡ," ಅಂದರು ಅತ್ತೆ. "ಎದುರಿನ ಗೋಡೆಗೆ ಹಾಕು. ಆ ಮುಖ ಅಳಿಸಿದವಳೇ ಇವಳು. ಅದರ ಮಗ್ಗುಲಲ್ಲಿ ಯಾಕೆ?"

ಅವಳು ಸ್ಟೂಲಿನಿಂದ ಇಳಿದಳು. ಅಕ್ಕೋರ ಫೋಟೋವನ್ನು ಎದೆಗೆ ಹಿಡಿದುಕೊಂಡೇ ಅತ್ತೆಯ ಮುಂದೆ ನಿಂತು ಕೊಂಕಣಿಯಲ್ಲಿ ಹೇಳಿದಳು. ಮೆಲ್ಲಗೆ, ಒಂದೊಂದೇ ಮಾತು.

"ಅತ್ತೆ, ಅವತ್ತು ಅದನ್ನ ಹಾಕಿಸಿದ್ದು ನಾನು. ನೀವು ಆಯಿಯನ್ನ ಅಟ್ಟಕ್ಕೆ ಹಾಕಿದ್ರಿ. ನಾನು ಅಕ್ಕೋರ ಹತ್ರ ಮಾತೇ ಆಡ್ಲಿಲ್ಲ. ಅವರು ಅಟ್ಟ ಹತ್ತಿ ತಂದ್ರು, ಒರೆಸಿದ್ರು, ಕಪಾಟಿನ ಮೇಲೆ ನನಗೆ ಕಾಣೂ ಹಾಗೆ ಇಟ್ರು. ಗೋಡೆ ಹಸಿ ಇದೆ ಮಗಾ, ದಸರೆಗೆ ಹಾಕುವಾ ಅಂದ್ರು. ನನಗೆ ನಂಬಿಕೆ ಬರ್ಲಿಲ್ಲ. ನೀವು ಹಾಕೂದಿಲ್ಲ ನನಗೆ ಗೊತ್ತು, ನೀವೂ ಅತ್ತೆ ಹಾಗೇ ಅಂತ ಅವರಿಗೆ ಅಂದೆ. ಅವರು ನನ್ನ ಮುಖ ನೋಡಿದ್ರು. ಆಮೇಲೆ ಎದ್ದು ಸುತ್ತಿಗೆ ತಂದ್ರು."

 ನಾನು ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದೆ. ಬೇಲಿಯ ಮೇಲಿಂದ ಸಾರು ಪಲ್ಯ ಕೊಟ್ಟು ತಗೊಂಡು ಬದುಕಿದೆ. ಆ ಹೆಂಗಸು ಒಂದು ಸಲವಾದರೂ, ನನ್ನ ಹತ್ತಿರವಾದರೂ, ಹೀಗಿತ್ತು ತಂಗೀ ಅಂತ ಹೇಳಲಿಲ್ಲ. ಕೇರಿ ಅಂದದ್ದನ್ನೆಲ್ಲ ಅನ್ನಿಸಿಕೊಂಡು ಚಹಾ ಕೊಟ್ಟರು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು, ಎದುರಿಗೆ ನಿಂತವಳ ಮೇಲೆ.

"ಅಲ್ವೇ, ಅವರು ಇದ್ದಾಗ ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಚಿಕ್ಕವಳಿದ್ದಾಗ ಹೆದರಿಕೆ. ಆಮೇಲೆ ನಾಚಿಕೆ. ಅವರೇ ತಮ್ಮ ಮೇಲೆ ಹಾಕ್ಕೊಂಡು ಹೇಳ್ತಿದ್ರಲ್ಲ, ನಾನು ಬಾಯಿ ಬಿಡುವ ಜಾಗವೇ ಸಿಗ್ಲಿಲ್ಲ. ಅವರ ಮುಖ ನೋಡಿದ್ರೆ ಅದೇ ನೆನಪಾಗ್ತಿತ್ತು. ಅದಕ್ಕೇ ದೂರ ಇದ್ದೆ. ಆಸ್ಪತ್ರೆಯಲ್ಲಿ ಹೇಳಿದೆ, ಒಂದು ಮಧ್ಯಾಹ್ನ." ಅವಳು ಈಗ ನನ್ನ ಹತ್ತಿರ ಕನ್ನಡಕ್ಕೆ ಬಂದಿದ್ದಳು. "ಅಕ್ಕೋರೇ, ಅವತ್ತು ಹಟ ಮಾಡಿದ್ದು ನಾನು, ನೆನಪಿದೆಯಾ ಅಂದೆ. ಇದೆ ಅಂದ್ರು. ಮತ್ತೆ ಯಾಕೆ ಎಲ್ಲರ ಹತ್ರ ಹಾಗೆ ಹೇಳ್ತಿದ್ರಿ ಅಂದೆ. ಅದಕ್ಕೆ ಅವರು, ನೀನು ಮೂರನೇ ಇಯತ್ತೆಯ ಹುಡುಗಿ, ನಾನು ಅಷ್ಟು ದೊಡ್ಡ ಹೆಂಗಸು, ಬೇಡ ಅಂತ ಗಟ್ಟಿ ನಿಲ್ಲಬೇಕಿತ್ತು, ನಿನ್ನ ಹತ್ರ ಒಳ್ಳೆಯವಳು ಅನ್ನಿಸ್ಕೊಳ್ಳೂಕೆ ಹೋದೆ, ಅದು ನನ್ನ ತಪ್ಪೇ ಅಂದ್ರು. ಆಮೇಲೆ, ನಿನ್ನ ಆಯಿಯ ಮುಖ ನಿನ್ನಿಂದ ಹೋಯ್ತು ಅಂತ ಯಾರಾದ್ರೂ ಒಬ್ಬರು ನಿನಗೆ ಹೇಳಿಬಿಟ್ರೆ ನೀನು ಹೇಗೆ ಬದುಕ್ತಿದ್ದೆ ಮಗಾ, ಅಂದ್ರು."

ಅವಳು ಅಳತೊಡಗಿದಳು. ನಾನೂ ಬಾಯಿಗೆ ಸೆರಗು ತುಂಬಿಕೊಂಡು ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅವಳು ಕಣ್ಣೊರೆಸಿಕೊಂಡು ಮತ್ತೆ ಸ್ಟೂಲು ಹತ್ತಿದಳು. ನಾನು ಸ್ಟೂಲಿನ ಕಾಲು ಹಿಡಿದೆ. ತಾಯಿಯ ಫೋಟೋದ ಪಕ್ಕದಲ್ಲೇ, ಎಡಕ್ಕೆ, ಮೊಳೆ ಹೊಡೆದಳು. ಒಣಗಿದ ಗೋಡೆ, ನಾಲ್ಕು ಪೆಟ್ಟಿಗೆ ಗಟ್ಟಿ ಕೂತಿತು. ಅಕ್ಕೋರನ್ನು ತೂಗು ಹಾಕಿ, ಕೈ ಬಿಟ್ಟು, ಹಿಂದಕ್ಕೆ ತಿರುಗದೆ ಅಲ್ಲೇ ನಿಂತಳು. ಹಿಂದಿನಿಂದ ಅತ್ತೆ ಏನಾದರೂ ಅನ್ನುತ್ತಾರೆ ಅಂತ ಇಬ್ಬರಿಗೂ ಗೊತ್ತಿತ್ತು.

ಅತ್ತೆ ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿ, ಕಣ್ಣು ಕಿರಿದು ಮಾಡಿ ಆ ಗೋಡೆ ನೋಡಿದರು. ಆಮೇಲೆ ಊರುಗೋಲು ಎತ್ತಿ ಅದರ ತುದಿಯಿಂದ ತೋರಿಸಿದರು.

"ಎಡಗಡೆ ತಗ್ಗಾಗಿದೆ," ಅಂದರು. "ಸ್ವಲ್ಪ ಎತ್ತು."